ಹತ್ತರಲ್ಲಿ ಒಂದು ಪಾಲು, ಅಪ್ಪನ ಪಿಗ್ಮಿ ಚೀಲ

22 ಜೂನ್ 2025, ಭಾನುವಾರ
ಕುಂದಾಪುರ

ಬೆಳಗಿನಿಂದ ಮಳೆ ಬಿಟ್ಟಿಲ್ಲ. ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ತಮ್ಮನ ಮಗ ಬೆಂಗಳೂರಿನಿಂದ ಫೋನ್ ಮಾಡಿದ. ಅವನು ಕೆಲಸಕ್ಕೆ ಸೇರಿ ಒಂದು ವರ್ಷ ಆಗುತ್ತಾ ಬಂತು. "ಅತ್ತೆ, ಎಂಟು ತಿಂಗಳಿಂದ ಸಂಬಳದಲ್ಲಿ ಹತ್ತನೇ ಒಂದು ಪಾಲು ಆರ್‌ಡಿಗೆ ಹಾಕ್ತಿದ್ದೇನೆ. ಒಂದು ತಿಂಗಳೂ ತಪ್ಪಿಸಿಲ್ಲ" ಅಂದ. ಆರ್‌ಡಿ ಅಂದರೆ ತಿಂಗಳು ತಿಂಗಳು ಬ್ಯಾಂಕಿಗೆ ಕಟ್ಟುವ ಠೇವಣಿ. ಅವನ ದನಿಯಲ್ಲಿ ಹೆಮ್ಮೆ ಇತ್ತು. ನನಗೂ ತುಂಬಾ ಖುಷಿಯಾಯಿತು.

ಅವನು ಓದಿದ್ದು 'ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲಾನ್'. ಜಾರ್ಜ್ ಕ್ಲೇಸನ್ ಎಂಬ ಅಮೆರಿಕದವರು 1926ರಲ್ಲಿ ಬರೆದದ್ದು. ನಾನೂ ಚಿಕ್ಕ ವಯಸ್ಸಿನಲ್ಲಿ ಓದಿದ್ದೆ. ಗಳಿಸಿದ್ದರಲ್ಲಿ ಕನಿಷ್ಠ ಹತ್ತನೇ ಒಂದು ಪಾಲನ್ನು ಮೊದಲು ನಿನಗಾಗಿ ತೆಗೆದಿಡು, ಖರ್ಚು ಆಮೇಲೆ ಅನ್ನುವುದೇ ಅದರ ಜೀವಾಳ. ಈ 'ಮೊದಲು' ಅನ್ನುವ ಮಾತಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ತಿಂಗಳ ಕೊನೆಗೆ ಉಳಿದದ್ದನ್ನು ಕೂಡಿಡುತ್ತೇನೆ ಅಂದುಕೊಂಡವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಆ ಪುಸ್ತಕದಲ್ಲಿ ಇನ್ನೊಂದು ಕಥೆಯೂ ನನಗೆ ಇಷ್ಟ. ಮುಂದೆ ಬ್ಯಾಬಿಲಾನಿನ ದೊಡ್ಡ ಶ್ರೀಮಂತನಾಗುವ ಆರ್ಕಾಡ್ ತನ್ನ ಮೊದಲ ಉಳಿತಾಯವನ್ನು ಇಟ್ಟಿಗೆ ಮಾಡುವವನ ಕೈಗೆ ಕೊಡುತ್ತಾನೆ, ರತ್ನ ತಂದುಕೊಡು ಅಂತ. ಅವನು ತರುವುದು ಬರೀ ಗಾಜಿನ ಚೂರು. ರತ್ನದ ವಿಷಯ ಇಟ್ಟಿಗೆಯವನಿಗೆ ಏನು ಗೊತ್ತು?

ಆದರೆ ಫೋನಿನಲ್ಲಿ ಮಾತು ಮುಂದುವರಿದಂತೆ ನನಗೆ ಆತಂಕವಾಯಿತು. ಪಿಜಿ ಅಡ್ವಾನ್ಸ್, ಫೋನು, ಹಬ್ಬಕ್ಕೆ ಬಂದಾಗಿನ ಖರ್ಚು ಎಲ್ಲ ಸೇರಿ ಕ್ರೆಡಿಟ್ ಕಾರ್ಡಿನಲ್ಲಿ 42,000 ಬಾಕಿ ಇದೆಯಂತೆ. ತಿಂಗಳಿಗೆ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಿದ್ದಾನೆ. ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟ್. ಅಂದರೆ 1,470 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಬೇರೆ. ಆರ್‌ಡಿಯಲ್ಲಿ ಇರುವ 32,000ಕ್ಕೆ ಬ್ಯಾಂಕು ಕೊಡುವುದು ತಿಂಗಳಿಗೆ ಹೆಚ್ಚೆಂದರೆ 180 ರೂಪಾಯಿ.

"ಆದರೆ ಅತ್ತೆ, ಸಾಲ ಇದ್ದವನೂ ಹತ್ತರಲ್ಲಿ ಒಂದು ಪಾಲು ಉಳಿಸಬೇಕು ಅಂತ ಪುಸ್ತಕದಲ್ಲಿ ಇದೆಯಲ್ಲ?" ಅಂದ. ಹೌದು, ಇದೆ. ಒಂಟೆ ವ್ಯಾಪಾರಿಯ ಕಥೆಯಲ್ಲಿ ಒಂದು ಪಾಲು ಉಳಿತಾಯಕ್ಕೆ, ಎರಡು ಪಾಲು ಸಾಲಕ್ಕೆ, ಏಳು ಪಾಲು ಮನೆಗೆ. ಆದರೆ ಆ ವ್ಯಾಪಾರಿಯ ಬೆನ್ನು ಹತ್ತಿದ್ದು ತಿಂಗಳಿಗೆ ಮೂರೂವರೆ ಪರ್ಸೆಂಟ್ ಬೆಳೆಯುವ ಕಾರ್ಡಿನ ಸಾಲ ಅಲ್ಲವಲ್ಲ. ನಿಯಮ ಒಳ್ಳೆಯದೇ. ಆದರೆ ಬಡ್ಡಿ ನೋಡದೆ ಪಾಲಿಸಿದರೆ ಅದೇ ನಷ್ಟಕ್ಕೆ ದಾರಿಯಾಗುತ್ತದೆ.

ಫೋನ್ ಇಟ್ಟ ಮೇಲೆ ಅಪ್ಪ ನೆನಪಾದರು. ಅವರು ಇಪ್ಪತ್ತು ವರ್ಷಕ್ಕೂ ಜಾಸ್ತಿ ಪಿಗ್ಮಿ, ಅಂದರೆ ಜನರ ದಿನದಿನದ ಸಣ್ಣ ಉಳಿತಾಯ, ಕಲೆಕ್ಷನ್ ಮಾಡಿದವರು. ಹೆಗಲಿಗೆ ಖಾಕಿ ಚೀಲ, ಕೈಯಲ್ಲಿ ಕೊಡೆ. ಪಿಗ್ಮಿ ಹುಟ್ಟಿದ್ದೇ ನಮ್ಮ ಕರಾವಳಿಯಲ್ಲಿ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕೈಮಗ್ಗದ ಕೆಲಸ ಕುಸಿದು ಕಷ್ಟಕ್ಕೆ ಬಿದ್ದಿದ್ದ ನೇಕಾರರಿಗೆ ನೆರವಾಗುವುದು ಅದರ ಉದ್ದೇಶವಾಗಿತ್ತು. 1928ರಲ್ಲಿ ಪಿಗ್ಮಿ ಶುರುವಾಯಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬಂದು ತೆಗೆದುಕೊಳ್ಳುತ್ತಿದ್ದರು.

ನೋಡಿ, ಕಾಲ ಹೆಚ್ಚುಕಡಿಮೆ ಒಂದೇ. ಕ್ಲೇಸನ್ ಕಥೆಗಳು ಮೊದಲು ಚಿಕ್ಕ ಪುಸ್ತಿಕೆಗಳಾಗಿ ಬಂದವು. ಬ್ಯಾಂಕು, ವಿಮೆ ಕಂಪನಿಗಳು ಅವನ್ನು ಜನರಿಗೆ ಹಂಚಿದವು. ಉಳಿಸಿ ಅನ್ನುವ ಬುದ್ಧಿಮಾತು ಅಲ್ಲಿ ಮನೆಮನೆ ತಲುಪಿತು. ಇಲ್ಲಿ ಬುದ್ಧಿಮಾತಿನ ಬದಲು ಒಬ್ಬ ಮನುಷ್ಯ ಬಾಗಿಲಿಗೆ ಬಂದ.

ಅಪ್ಪನ ಲೈನಿನಲ್ಲಿ ಮೀನು ಮಾರ್ಕೆಟ್ ಇತ್ತು. ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಎಲೆಯಡಿಕೆ ಸಂಚಿಯಿಂದ ಎರಡು ರೂಪಾಯಿ, ಐದು ರೂಪಾಯಿ ತೆಗೆದು ಕೊಡುತ್ತಿದ್ದರು. ಮಳೆಗಾಲ ಬಂದರೆ ಕಡಲಿಗೆ ಬೋಟು ಇಳಿಯುವುದಿಲ್ಲ. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ ಇದೆ. ಗಳಿಕೆಯೇ ನಿಂತಾಗ ಹತ್ತನೇ ಒಂದು ಪಾಲು ಎಲ್ಲಿಂದ ಬರಬೇಕು? ತಿಂಗಳ ಸಂಬಳ ಬರುವವರಿಗೆ ಈ ಪ್ರಶ್ನೆಯೇ ಹೊಳೆಯುವುದಿಲ್ಲ.

ಆದರೂ ಅಪ್ಪ ಮಳೆಯಲ್ಲೂ ಆ ಬೀದಿಗೆ ಹೋಗುತ್ತಿದ್ದರು. "ದುಡ್ಡು ಸಿಗಲ್ಲ ಅಂತ ಗೊತ್ತಿದ್ದೂ ಯಾಕೆ ನೆನೆಯುತ್ತೀರಿ?" ಅಂತ ಅಮ್ಮ ಬೈಯುತ್ತಿದ್ದರು. "ಎರಡು ತಿಂಗಳು ನಾನು ಕಾಣದಿದ್ದರೆ ಅಭ್ಯಾಸವೇ ತಪ್ಪಿಹೋಗುತ್ತದೆ" ಅನ್ನುತ್ತಿದ್ದರು ಅಪ್ಪ. ಯಾರೋ ನಾಲ್ಕಾಣೆ ಕೊಡುತ್ತಿದ್ದರು. ಅದನ್ನೂ ಅವರ ಪಿಗ್ಮಿ ಕಾರ್ಡಿನಲ್ಲಿ ಬರೆದು ಸಹಿ ಹಾಕಿ ಕೊಡುತ್ತಿದ್ದರು.

ಇನ್ನೊಂದು ನೆನಪು ಕಹಿಯದು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಂದು ಸೊಸೈಟಿಯಲ್ಲಿ ಹಣ ಇಟ್ಟಿದ್ದರು. ಅದು ಮುಳುಗಿತು. ಅರ್ಧಕ್ಕಿಂತ ಜಾಸ್ತಿ ಹಣ ಬರಲೇ ಇಲ್ಲ. ಅಮ್ಮ ದುಂದು ಮಾಡಿದವರಲ್ಲ, ಸೋಮಾರಿಯೂ ಅಲ್ಲ. ಅಮೆರಿಕದಲ್ಲೂ ಹೀಗೇ ಆಯಿತು. 1930ರಿಂದ 1933ರೊಳಗೆ ಸುಮಾರು 9,000 ಬ್ಯಾಂಕುಗಳು ಬಾಗಿಲು ಹಾಕಿದವು. ಪುಸ್ತಿಕೆ ಓದಿ ನಿಯತ್ತಾಗಿ ಕೂಡಿಟ್ಟವರೂ ಅವುಗಳ ಮುಂದೆ ಸಾಲುಗಟ್ಟಿ ನಿಂತಿರಬೇಕು, ಅಲ್ವಾ? ಠೇವಣಿಗೆ ವಿಮೆ ಬಂದದ್ದು ಅದಾದ ಮೇಲೆ. ನಮ್ಮಲ್ಲಿ ಆ ವಿಮೆ 1962ರಲ್ಲಿ ಬಂತು. 2020ರಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ಇದೆ. ಆದರೆ ಅದು ಬ್ಯಾಂಕುಗಳಿಗೆ ಮಾತ್ರ. ಸಹಕಾರಿ ಬ್ಯಾಂಕಿಗೆ ಉಂಟು, ಸಾಲ ಕೊಡುವ ಸೊಸೈಟಿಗೆ ಇಲ್ಲ. ಇದನ್ನು ಅಮ್ಮನಿಗೆ ಯಾರೂ ಹೇಳಿರಲಿಲ್ಲ. ನನಗೂ ಆಮೇಲೆಯೇ ಗೊತ್ತಾದದ್ದು.

ಬಡವರಾಗಿ ಉಳಿದವರಿಗೆಲ್ಲ ಶಿಸ್ತು ಇರಲಿಲ್ಲ ಎಂಬಂತೆ ಯಾರಾದರೂ ಮಾತಾಡಿದರೆ ನನಗೆ ಸಿಟ್ಟು ಬರುವುದು ಇದಕ್ಕೇ. ಆ ಮಾರ್ಕೆಟ್ಟಿನ ಹೆಂಗಸರಿಗಿಂತ ಶಿಸ್ತಿನವರನ್ನು ನಾನು ನೋಡಿಲ್ಲ.

ಸಂಜೆ ನಾನೇ ಅವನಿಗೆ ಫೋನ್ ಮಾಡಿದೆ. ಆರ್‌ಡಿ ಮುರಿದು ಪೂರ್ತಿ ಕಾರ್ಡಿಗೆ ಕಟ್ಟು ಅಂದೆ. ಹತ್ತು ಸಾವಿರ ಚಿಲ್ಲರೆ ಉಳಿಯುತ್ತದೆ, ಅದನ್ನೂ ಮೂರು ತಿಂಗಳಲ್ಲಿ ಮುಗಿಸು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಎಂಟು ತಿಂಗಳು ಕಷ್ಟಪಟ್ಟು ಕೂಡಿಸಿದ್ದು ಅತ್ತೆ" ಅಂದ. ಬೇಜಾರಾಗಿದ್ದು ಗೊತ್ತಾಯಿತು. ಅಪ್ಪ ಮಳೆಯಲ್ಲಿ ನಾಲ್ಕಾಣೆಗೆ ಹೋಗುತ್ತಿದ್ದ ಕಥೆ ಹೇಳಿದೆ. ಸಾಲ ತೀರುವವರೆಗೆ ತಿಂಗಳಿಗೆ ಬರೀ 500 ರೂಪಾಯಿ ಬೇರೆ ಇಡು, ಕೈಗೆ ಅಭ್ಯಾಸ ತಪ್ಪದಿರಲಿ ಅಂದೆ. ಒಪ್ಪಿದ.

ಸಂಬಳ 30ಕ್ಕೆ ಬರುತ್ತದಂತೆ. ಅವತ್ತು ರಾತ್ರಿ ಫೋನ್ ಮಾಡುತ್ತೇನೆ ಅಂತ ಹೇಳಿದ್ದೇನೆ.