ಮಳೆ ಊರಲ್ಲಿ ಸ್ಪೈಡರ್‌ಮ್ಯಾನ್ ಜೋಡಿಸೋದು

ಕಾಮಿಕ್ಸ್ ಕಲೆಕ್ಟ್ ಮಾಡ್ತೀನಿ ಅಂದ ತಕ್ಷಣ ಜನ ಕೇಳೋದು ಒಂದೇ ಪ್ರಶ್ನೆ, ಹಳೇ ಒರಿಜಿನಲ್ ಇದ್ಯಾ, ಅವೆಲ್ಲ ಲಕ್ಷಗಟ್ಟಲೆ ಬೆಲೆ ಬಾಳುತ್ತಂತಲ್ಲ ಅಂತ. ಇಲ್ಲ ಸ್ವಾಮಿ. ಸ್ಪೈಡರ್‌ಮ್ಯಾನ್ ಮೊದಲು ಕಾಣಿಸ್ಕೊಂಡ 1962ರ ಅಮೇಜಿಂಗ್ ಫ್ಯಾಂಟಸಿ ಪತ್ರಿಕೆಯ 15ನೇ ಸಂಚಿಕೇನ ಯಾರಾದ್ರೂ ಪುಕ್ಕಟೆ ಕೊಟ್ರೂ ನಮ್ಮ ಮನೇಲಿ ಇಟ್ಕೊಳ್ಳೋ ಧೈರ್ಯ ನಂಗಿಲ್ಲ, ಯಾಕಂದ್ರೆ ಜೂನ್ ಶುರುವಾಯ್ತು ಅಂದ್ರೆ ಇಲ್ಲಿ ಕೊಡಗಲ್ಲಿ ಬೆಲ್ಟು, ಶೂ, ಮದುವೆ ಆಲ್ಬಮ್ಮು ಎಲ್ಲದರ ಮೇಲೂ ಬೂಷ್ಟು. ನಾನು ಸೇರಿಸೋದು ಬರೀ ರೀಪ್ರಿಂಟು. ನಂಗೆ ಬೇಕಾಗಿರೋದು ಕಥೆ, ಮೊದಲಿಂದ ಕೊನೇವರೆಗೆ, ನಡುವೆ ಎಲ್ಲೂ ಬಿಟ್ಟು ಹೋಗದ ಹಾಗೆ. ಈ ಬಿಟ್ಟು ಹೋಗದ ಹಾಗೆ ಅನ್ನೋದೇ ತಲೆನೋವು.

ಈ ಚಟ ಹತ್ತಿದ್ದು ಚಿಕ್ಕವನಿದ್ದಾಗಲೇ ಅನ್ಸುತ್ತೆ. ಬಾಲಮಂಗಳದ ಡಿಂಗ ಇದ್ದ, ಸುಧಾದಲ್ಲಿ ಫ್ಯಾಂಟಮ್ ಬರ್ತಿತ್ತು, ಅದು ವಾರಕ್ಕಿಷ್ಟು ಅಂತ ಮುಂದುವರಿಯೋ ಕಥೆ, ಮಳೆಗೆ ಮರ ಬಿದ್ದು ರಸ್ತೆ ಬಂದ್ ಆಗಿ ಬಸ್ಸು ಬರದೇ ಇರೋ ವಾರ ಸುಧಾನೂ ಬರ್ತಿರ್ಲಿಲ್ಲ, ಮುಂದಿನ ವಾರ ನೋಡಿದ್ರೆ ಕಟ್ಟಿಹಾಕಿದ್ದ ಫ್ಯಾಂಟಮ್ ಆರಾಮಾಗಿ ಕುದುರೆ ಮೇಲೆ ಹೋಗ್ತಾ ಇರ್ತಿದ್ದ. ಹೇಗೆ ಬಿಡಿಸ್ಕೊಂಡ? ಯಾರಿಗೂ ಗೊತ್ತಿಲ್ಲ. ಆಮೇಲೆ ಗೋಥಮ್ ಕಾಮಿಕ್ಸ್‌ನೋರು ಅಮೇರಿಕಾದ ಮಾರ್ವೆಲ್, ಡಿಸಿ ಎರಡೂ ಕಂಪನಿಗಳ ಕಾಮಿಕ್ಸನ್ನ ಇಂಡಿಯಾದಲ್ಲೇ ಅಗ್ಗದ ರೇಟಿಗೆ ಛಾಪಿಸೋಕೆ ಶುರು ಮಾಡಿದ್ರು, ಮೈಸೂರು ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ದು ಸಿಕ್ಕ ಹಾಗೆ ತಗೊಂಡು ಬರೋದು, ಅದರಲ್ಲೂ ಒಂದು ಸಿಕ್ರೆ ಮುಂದಿಂದು ಇಲ್ಲ.

ಈಗ ವಿಷಯಕ್ಕೆ ಬರ್ತೀನಿ. ಮಾರ್ವೆಲ್‌ನೋರು 1996ರಲ್ಲಿ ಎಸೆನ್ಷಿಯಲ್ ಅಂತ ಒಂದು ರೀಪ್ರಿಂಟ್ ಸೀರೀಸ್ ತಂದ್ರು, ಒಂದೊಂದೂ ಸುಮಾರು ಐನೂರು ಪುಟ, ಪೂರ್ತಿ ಕಪ್ಪು ಬಿಳುಪು, ಪೇಪರ್ ಮಾತ್ರ ನ್ಯೂಸ್‌ಪ್ರಿಂಟು, ನೋಡೋಕೆ ಥೇಟ್ ಟೆಲಿಫೋನ್ ಡೈರೆಕ್ಟರಿ. ಡಿಸಿಯೋರು 2005ರಲ್ಲಿ ಶೋಕೇಸ್ ಪ್ರೆಸೆಂಟ್ಸ್ ಅಂತ ಅದೇ ಲೆಕ್ಕದಲ್ಲಿ ತಂದ್ರು. ಎಸೆನ್ಷಿಯಲ್ 2013ಕ್ಕೆ ನಿಂತೋಯ್ತು, ಅದೇ ವರ್ಷ ಎಪಿಕ್ ಕಲೆಕ್ಷನ್ ಅಂತ ಕಲರ್ ಪೇಪರ್‌ಬ್ಯಾಕ್ ಶುರುವಾಯ್ತು. ಇದರಲ್ಲಿ ಒಂದು ತಮಾಷೆ ಇದೆ, ವಾಲ್ಯೂಮ್‌ಗಳು ಒಂದು ಎರಡು ಮೂರು ಅಂತ ಬರಲ್ಲ. ಐರನ್ ಮ್ಯಾನ್‌ದು ಮೊದಲು ಬಂದಿದ್ದೇ ಹತ್ತನೇ ವಾಲ್ಯೂಮ್. ಸ್ಪೈಡರ್‌ಮ್ಯಾನ್‌ದು ಇಪ್ಪತ್ತನೇದು. ಒಟ್ಟು ಕಥೆಯಲ್ಲಿ ಆ ಪುಸ್ತಕದ ಜಾಗ ಎಲ್ಲಿ ಅನ್ನೋದನ್ನ ಬೆನ್ನಿನ ಮೇಲೆ ನಂಬರ್ ಹಾಕಿ ಹೇಳ್ಬಿಡ್ತಾರೆ, ಉಳಿದಿದ್ದನ್ನ ಮನಸ್ಸಿಗೆ ಬಂದಾಗ ಛಾಪಿಸ್ತಾರೆ. ಅಂದ್ರೆ ಖಾಲಿ ಜಾಗಾನೂ ಅವರೇ ಅಳತೆ ಮಾಡಿ ನಮ್ಮ ಕಪಾಟಲ್ಲಿ ಇಟ್ಟು ಹೋಗ್ತಾರೆ, ನಾವು ವರ್ಷಗಟ್ಟಲೆ ಕಾಯ್ತಾ ಕೂರೋದು. ಮಾರ್ಕೆಟಿಂಗ್ ಅಂದ್ರೆ ಇದಪ್ಪ. ಅಷ್ಟೊತ್ತಿಗೆ ಮೊದಲು ಬಂದಿದ್ದು ಔಟ್ ಆಫ್ ಪ್ರಿಂಟ್ ಆಗಿ, ಇಟ್ಕೊಂಡೋರು ಮೂರು ಪಟ್ಟು ರೇಟು ಹೇಳ್ತಾರೆ.

ನನ್ನ ಪಾಲಿಸಿ ಏನಂದ್ರೆ, ಖಾಲಿ ಜಾಗ ತುಂಬೋಕೆ ಯಾವ ಎಡಿಷನ್ ಆದ್ರೂ ನಡೆಯುತ್ತೆ. ಕೆಲವರಿಗೆ ಎಲ್ಲ ಒಂದೇ ಸೈಜು, ಒಂದೇ ಡಿಸೈನು ಸಾಲಾಗಿ ನಿಲ್ಲಬೇಕು. ನಿಲ್ಲಿಸ್ಕೊಳ್ಳಿ, ಚೆನ್ನಾಗಿರುತ್ತೆ, ಆದ್ರೆ ಓದೋದು ಯಾವಾಗ? ನನ್ನ ಹತ್ರ ಸ್ಪೈಡರ್‌ಮ್ಯಾನ್ ಎಸೆನ್ಷಿಯಲ್ ಐದನೇ ವಾಲ್ಯೂಮ್‌ವರೆಗೆ ಇತ್ತು, ಅದು 113ನೇ ಸಂಚಿಕೆಗೆ ಮುಗಿಯುತ್ತೆ. ಸ್ಪೈಡರ್‌ಮ್ಯಾನ್‌ನ ಹುಡುಗಿ ಗ್ವೆನ್ ಸ್ಟೇಸಿ ಸಾಯೋದು 1973ರಲ್ಲಿ, 121ನೇ ಸಂಚಿಕೇಲಿ, ಅದರ ಸೇಡು 122ರಲ್ಲಿ. ಅಂದ್ರೆ ಇಡೀ ಸೀರೀಸಲ್ಲಿ ಯಾವುದನ್ನ ಓದ್ಲೇಬೇಕೋ ಅದರ ಬಾಗಿಲ ಹತ್ರ ಬಂದು ನಿಂತಿದ್ದೆ. ಆರನೇ ಎಸೆನ್ಷಿಯಲ್ ಎಲ್ಲೂ ಸಿಗಲಿಲ್ಲ, ಎಪಿಕ್ ಏಳನೇದು ಸಿಕ್ತು, ಅದರಲ್ಲಿ 105ರಿಂದ 123. ಒಂಬತ್ತು ಸಂಚಿಕೆ ಡಬಲ್. ಪಾರ್ಸಲ್ ಬಿಚ್ಚಿದಾಗ ಚಿಕ್ಕಮ್ಮ ಬಂದು ಎರಡನ್ನೂ ಪಕ್ಕ ಪಕ್ಕ ಇಟ್ಟು ಪುಟ ತಿರುಗಿಸಿ ನೋಡಿದ್ರು.

"ಅಲ್ಲ ಕಣೋ, ಇದೇ ಚಿತ್ರ ಅದರಲ್ಲೂ ಉಂಟಲ್ಲ?"

"ಅದು ಕಪ್ಪು ಬಿಳುಪು ಚಿಕ್ಕಮ್ಮ, ಇದು ಕಲರು."

"ಹಾಗಾದ್ರೆ ಟೀವಿ ಅಂಗಡಿಯವ್ನು ಹೇಳಿದಂಗೆ ಹಳೇದು ಕೊಟ್ಟು ಹೊಸದು ತಗೋಬಹುದಿತ್ತಲ್ಲ."

ಉತ್ತರ ಕೊಡೋಕೆ ಆಗ್ಲಿಲ್ಲ. ನಿಜ ಹೇಳ್ಬೇಕಂದ್ರೆ ಎಕ್ಸ್‌ಚೇಂಜ್ ಆಫರ್ ಇದ್ರೂ ನಾನು ಕೊಡೋದು ಕಲರ್ ಪುಸ್ತಕಾನೇ.

ಎಲ್ಲಾ ಗ್ಯಾಪೂ ಗ್ಯಾಪಲ್ಲ, ಅದೂ ಗೊತ್ತಿರಬೇಕು. ಎಕ್ಸ್‌ಮೆನ್ ಸೇರಿಸೋಕೆ ಹೊಸದಾಗಿ ಶುರು ಮಾಡಿದೋರು ಕೇಳ್ತಾರೆ, 66ನೇ ಸಂಚಿಕೆ ಆದ್ಮೇಲೆ ನೇರ 94 ಬರುತ್ತಲ್ಲ, ಮಧ್ಯದ್ದು ಯಾವ ಪುಸ್ತಕದಲ್ಲಿದೆ ಅಂತ. ಹುಡುಕಬೇಡಿ. ಮಾರಾಟ ಇಲ್ಲ ಅಂತ 1970ರಲ್ಲಿ ಹೊಸ ಕಥೆ ನಿಲ್ಲಿಸಿ, 67ರಿಂದ 93ರವರೆಗೆ ಆ ಪತ್ರಿಕೇಲೇ ಹಳೇ ಕಥೆಗಳನ್ನ ಮತ್ತೆ ಛಾಪಿಸಿದ್ರು, 1975ರಲ್ಲಿ ಜೈಂಟ್ ಸೈಜ್ ಎಕ್ಸ್‌ಮೆನ್ ಬಂದು ಸ್ಟಾರ್ಮ್, ನೈಟ್‌ಕ್ರಾಲರ್, ವುಲ್ವರಿನ್ ಎಲ್ಲ ಸೇರ್ಕೊಂಡ ಮೇಲೇ ಹೊಸ ಕಥೆ. ಎಕ್ಸ್‌ಮೆನ್ ಐದು ವರ್ಷ ರೀಪ್ರಿಂಟ್ ತಿಂದು ಜೀವ ಹಿಡ್ಕೊಂಡಿತ್ತು ಅಂದ್ಮೇಲೆ ರೀಪ್ರಿಂಟ್ ಅಂದ್ರೆ ಮೂಗು ಮುರಿಯೋರಿಗೆ ಏನ್ ಹೇಳೋಣ.

ಇನ್ನೊಂದು ತರದ ಗ್ಯಾಪು ಲಾಯರ್‌ಗಳು ಮಾಡಿದ್ದು. ರಾಮ್ ಅಂತ ಒಬ್ಬ ಹೀರೋ, ನಮ್ಮ ರಾಮ ಅಲ್ಲ, ಬೆಳ್ಳಿ ಬಣ್ಣದ ಬಾಹ್ಯಾಕಾಶ ಯೋಧ. ಮೂಲತಃ ಅದೊಂದು ಆಟಿಕೆ, 1979ರಲ್ಲಿ ಮಾರ್ವೆಲ್‌ನೋರು ಆಟಿಕೆ ಕಂಪನಿ ಹತ್ರ ಲೈಸೆನ್ಸ್ ತಗೊಂಡು ಕಾಮಿಕ್ ಮಾಡಿದ್ರು, 75 ಸಂಚಿಕೆ ಬಂತು. ಲೈಸೆನ್ಸ್ ಹೋದ ಮೇಲೆ ರಾಮ್‌ನ ಮುಖ ಇರೋ ಪುಟಾನೇ ಛಾಪಿಸೋ ಹಾಗಿಲ್ಲ, ಬೇರೆಯವರ ಪತ್ರಿಕೆಗೆ ಅವನು ಅತಿಥಿಯಾಗಿ ಹೋಗಿದ್ರೂ ಅಷ್ಟೇ. ಅದಕ್ಕೇ ಪವರ್ ಮ್ಯಾನ್ ಅಂಡ್ ಐರನ್ ಫಿಸ್ಟ್ ಅನ್ನೋ ಪತ್ರಿಕೆಯ ಎಪಿಕ್‌ನಲ್ಲಿ 72ನೇ ಸಂಚಿಕೆ ಆದ್ಮೇಲೆ 74. ಮಧ್ಯದ್ದನ್ನ ಓದಬೇಕಂದ್ರೆ ಹಳೇ ಪೇಪರ್ ಸಂಚಿಕೇನೇ ಗತಿ ಅನ್ನೋ ಪರಿಸ್ಥಿತಿ ಎಷ್ಟೋ ವರ್ಷ ಇತ್ತು, 2024ರಲ್ಲಿ ರಾಮ್ ಆಮ್ನಿಬಸ್ಸೇ ಬಂತು, ಅಂದ್ರೆ ಹತ್ತಾರು ಸಂಚಿಕೆ ಸೇರಿಸಿದ ದಪ್ಪ ಪುಸ್ತಕ, ಎತ್ತಿದ್ರೆ ಮಣಿಕಟ್ಟು ನೋಯುತ್ತೆ, ರೇಟು ಕೇಳಿದ್ರೆ ಎದೆ.

ಈಗ ಯಾವ ಎಡಿಷನ್ ತಗೋಬೇಕು ಅನ್ನೋದು. ಬೆಂಗಳೂರಿನ ಫ್ರೆಂಡ್ಸು ಪೇಪರ್ ಕ್ವಾಲಿಟಿ, ಹಾರ್ಡ್‌ಕವರ್ ಅಂತ ಮಾತಾಡ್ತಾರೆ. ಇಲ್ಲಿ ಲೆಕ್ಕಾನೇ ಬೇರೆ. ಹೊಳೆಯೋ ಆರ್ಟ್ ಪೇಪರ್ ಮೇಲೆ ಜೇಡಿಮಣ್ಣಿನ ತೆಳು ಲೇಪ ಇರುತ್ತೆ, ನೀರು ತಗಲಿತು ಅಂದ್ರೆ ಅದು ಅಂಟಾಗಿ ಎರಡು ಪುಟ ಕಚ್ಕೊಂಡು ಒಂದೇ ಹಲಗೆ ಆಗ್ಬಿಡುತ್ತೆ, ಬಿಡಿಸೋಕೆ ಹೋದ್ರೆ ಕ್ಯಾಪ್ಟನ್ ಅಮೇರಿಕಾನ ಮುಖ ಕಿತ್ಕೊಂಡು ಬರುತ್ತೆ. ಹಾರ್ಡ್‌ಕವರಿನ ರಟ್ಟು ಥಂಡಿ ಕುಡಿದು ದೋಸೆ ಹಾಗೆ ಬಾಗುತ್ತೆ. ನ್ಯೂಸ್‌ಪ್ರಿಂಟ್ ಹಳದಿ ಆಗುತ್ತೆ, ಸೊರಗುತ್ತೆ, ಆದ್ರೆ ಒದ್ದೆಯಾದ್ರೂ ಒಣಗಿಸಿದ್ರೆ ಪುಟ ಪುಟ ಬಿಡುತ್ತೆ. ಒಂದು ಸಲ ಪಾರ್ಸಲ್ಲನ್ನ ಗೋಣಿಕೊಪ್ಪದ ಅಂಗಡಿ ಜಗಲಿ ಮೇಲೆ ಮಳೇಲಿ ಬಿಟ್ಟು ಹೋಗಿದ್ರು, ಯಾವ ಕೊರಿಯರ್ ಅಂತ ಬೇಡ ಬಿಡಿ, ಡೆಲಿವರ್ಡ್ ಅಂತ ಮೆಸೇಜ್ ಮಾತ್ರ ಟೈಮಿಗೆ ಸರಿಯಾಗಿ ಬಂತು. ಅದರಲ್ಲಿದ್ದ ಶೋಕೇಸ್ ಬದುಕ್ತು, ಪುಟಗಳ ಮಧ್ಯೆ ಟಿಶ್ಯೂ ಇಟ್ಟು ಫ್ಯಾನ್ ಕೆಳಗೆ ಒಣಗಿಸಿದೆ. ಜೊತೆಗಿದ್ದ ಕಲರ್ ಪುಸ್ತಕ ಬದುಕಲಿಲ್ಲ.

ಕಪಾಟಿಗೆ ಬಲ್ಬ್ ಹಾಕೋದು ಇಲ್ಲಿ ಎಲ್ಲರ ಮನೇಲೂ ಗೊತ್ತಿರೋ ವಿದ್ಯೆ, ಬಟ್ಟೆ ಬೀರುಗೆ ಹಾಕೋ ಹಾಗೆ ನಾನು ಪುಸ್ತಕಕ್ಕೂ ಹಾಕಿದೀನಿ, ಕೆಳಗಿನ ಖಾನೇಲಿ ಪುಸ್ತಕಕ್ಕೆ ತಾಗದ ಹಾಗೆ ಹದಿನೈದು ವ್ಯಾಟಿನ ಹಳೇ ಬಲ್ಬು. ಎಲ್‌ಇಡಿ ಹಾಕಿ ಪ್ರಯೋಜನ ಇಲ್ಲ, ಅದು ಬೆಳಕು ಕೊಡುತ್ತೆ, ಬೆಚ್ಚಗೆ ಮಾಡಲ್ಲ, ತಂತಿ ಇರೋ ಬಲ್ಬೇ ಬೇಕು, ಈಗ ಅಂಗಡೀಲಿ ಕೇಳಿದ್ರೆ ಯಾವ ಕಾಲದಲ್ಲಿದ್ದೀರಿ ಅನ್ನೋ ಹಾಗೆ ನೋಡ್ತಾರೆ. ಕಕ್ಕಡದಲ್ಲಿ, ಅಂದ್ರೆ ಜುಲೈ ಆಗಸ್ಟಿನ ಜೋರು ಮಳೆ ತಿಂಗಳಲ್ಲಿ, ಕರೆಂಟೇ ಇರಲ್ಲ, ಆಗ ದೇವರೇ ಗತಿ. ಸುಗ್ಗಿ ಹಬ್ಬ ಹುತ್ತರಿ ಕಳೆದು ಕಣದಲ್ಲಿ ಕಾಫಿ ಹರಡೋ ಹೊತ್ತಿಗೆ ನಾನು ಪುಸ್ತಕಾನೂ ಜಗಲಿಗೆ ತರ್ತೀನಿ, ನೇರ ಬಿಸಿಲಿಗಲ್ಲ, ಕಲರ್ ಹೋಗುತ್ತೆ, ಬೆನ್ನಿನ ಅಂಟೂ ಬಿರಿಯುತ್ತೆ. ನೆರಳಲ್ಲಿ ಗಾಳಿ ಆಡೋ ಹಾಗೆ ಪುಟ ಬಿಚ್ಚಿ ನಿಲ್ಲಿಸೋದು.

ಕಪ್ಪು ಬಿಳುಪಿನ ಮೇಲೆ ನಂಗಿರೋ ಪ್ರೀತಿ ಬರೀ ಮಳೆಗೋಸ್ಕರ ಅಲ್ಲ ಅನ್ನೋದನ್ನೂ ಹೇಳ್ಬೇಕು. ಆಗಿನ ಕಲರ್ ಹಾಕಿದ್ದು ಒರಟು ಪೇಪರಿಗೆ, ಚುಕ್ಕಿ ಚುಕ್ಕಿಯಾಗಿ, ಪೇಪರ್ ಇಂಕು ಹೀರ್ಕೊಂಡು ಮಂಕಾಗುತ್ತೆ ಅನ್ನೋ ಲೆಕ್ಕದಲ್ಲಿ. ಅದೇ ಬಣ್ಣಾನ ಈಗ ಬೆಳ್ಳಗಿರೋ ಹೊಳೆಯೋ ಪೇಪರ್ ಮೇಲೆ ಹಾಕಿದ್ರೆ ಕಣ್ಣಿಗೆ ಹೊಡೆಯುತ್ತೆ. ಟೂಂಬ್ ಆಫ್ ಡ್ರ್ಯಾಕುಲಾ ತಗೊಳ್ಳಿ, 1972ರಿಂದ 79ರವರೆಗೆ ಎಪ್ಪತ್ತು ಸಂಚಿಕೆ, ಎಲ್ಲದಕ್ಕೂ ಚಿತ್ರ ಜೀನ್ ಕೋಲನ್‌ದೇ, ಸಿನಿಮಾದ ಬ್ಲೇಡ್ ಇದಾನಲ್ಲ ಅವನು ಹುಟ್ಟಿದ್ದು ಇದರ ಹತ್ತನೇ ಸಂಚಿಕೇಲಿ. ಎಸೆನ್ಷಿಯಲ್‌ನಲ್ಲಿ ಅದರ ಮಂಜು, ಹೊಗೆ, ಕೋಟಿನ ಮಡಿಕೆ ಒಳಗಿನ ಕತ್ತಲೆ ಎಲ್ಲ ಇಂಕಲ್ಲೇ ಕಾಣುತ್ತೆ, ನಮ್ಮ ಜುಲೈ ಸಂಜೆಗೆ ಹೇಳಿ ಮಾಡಿಸಿದ್ದು. ಬೇಜಾರಂದ್ರೆ ರೀಪ್ರಿಂಟಲ್ಲಿ ಹಳೇ ಜಾಹೀರಾತು, ಓದುಗರ ಪತ್ರ ಹೆಚ್ಚುಕಮ್ಮಿ ಎಲ್ಲಾ ಕಡೆ ಕಿತ್ತಾಕಿರ್ತಾರೆ. ಒಬ್ಬ ಹುಡುಗ ಬರೆದು ಜಗಳ ಆಡಿರೋ ಪತ್ರ ಓದೋದೂ ಒಂದು ಮಜಾ.

ಸದ್ಯಕ್ಕೆ ಡ್ರ್ಯಾಕುಲಾ ಎಸೆನ್ಷಿಯಲ್ ಒಂದನೇದು, ಮೂರನೇದು ಇದೆ, ಎರಡನೇದು ಬೇಕು, ಅಂದ್ರೆ 26ರಿಂದ 49. ಬೆಂಗಳೂರಿನ ಚರ್ಚ್ ಸ್ಟ್ರೀಟಲ್ಲಿರೋ ಬ್ಲಾಸಮ್ ಪುಸ್ತಕದಂಗಡಿಗೆ ಹೋದಾಗೆಲ್ಲ ನೋಡ್ತೀನಿ, ಸಿಕ್ಕಿಲ್ಲ. ಕುಶಾಲನಗರ, ಮೈಸೂರು ಕಡೆ ಯಾರ ಹತ್ರಾನಾದ್ರೂ ಇದ್ರೆ ಹೇಳಿ, ಬದಲಿಗೆ ಆ ಡಬಲ್ ಆಗಿರೋ ಎಪಿಕ್ ಏಳನೇದು ಕೊಡ್ತೀನಿ, ಒಣ ಪುಸ್ತಕ, ಬೂಷ್ಟಿಲ್ಲ. ಎಸೆನ್ಷಿಯಲ್ ಆರನೇದು ಸಿಕ್ಕಿದ ಮೇಲೆ ಮಾತ್ರ.