ಮೂರು ರುಚಿಯ ಊರಲ್ಲಿ ಬೇವಿನ ಹೂ

ಥಾಯ್ಲೆಂಡಿನ ಪೆಚ್ಚಬುರಿಯ ಬೆಳಗಿನ ಸಂತೆಯಲ್ಲಿ ಬೇವಿನ ಹೂವನ್ನು ದಂಟಿನ ಸೊಪ್ಪಿನ ಹಾಗೆ ಕಟ್ಟು ಕಟ್ಟಿ ಗುಡ್ಡೆ ಹಾಕಿದ್ದನ್ನು ನಾನು ಮೊದಲು ಕಂಡದ್ದು ಜನವರಿಯಲ್ಲಿ. ಯುಗಾದಿಗೆ ಇನ್ನೂ ಮೂರು ತಿಂಗಳಿತ್ತು. ಎಳೆ ಚಿಗುರು, ತುದಿಯಲ್ಲಿ ಬಿಳಿ ಮೊಗ್ಗು, ಬಿಸಿನೀರಲ್ಲಿ ಅದ್ದಿ ತೆಗೆದದ್ದರಿಂದ ಕೊಂಚ ಬಾಡಿದ ಹಸಿರು. ಪಕ್ಕದಲ್ಲೇ ಪುಟ್ಟ ಪ್ಲಾಸ್ಟಿಕ್ ಚೀಲಗಳಲ್ಲಿ ಕಂದು ಬಣ್ಣದ ಪಾಕ. ಬೆಲ್ಲದ ಪಾಕ ಅಂದುಕೊಂಡೆ. ಅರ್ಧ ನಿಜ. ತಾಳೆಬೆಲ್ಲ, ಹುಣಸೆಹುಳಿ, ಜೊತೆಗೆ ಮೀನನ್ನು ಉಪ್ಪಿನಲ್ಲಿ ಕೊಳೆಹಾಕಿ ಇಳಿಸಿದ ರಸ. ನಾಮ್ ಪ್ಲಾ ವಾನ್ ಅನ್ನುತ್ತಾರೆ. ಸಿಹಿ ಮೀನುಗೊಜ್ಜು ಅಂತಿಟ್ಟುಕೊಳ್ಳಿ. ಬೇವಿನ ಹೂವನ್ನು ಅದರಲ್ಲಿ ಅದ್ದಿ, ಕೆಂಡದ ಮೇಲೆ ಸುಟ್ಟ ಮೀಸೆಮೀನಿನ ಜೊತೆ ಅನ್ನಕ್ಕೆ ನಂಚಿಕೊಳ್ಳುವುದು ಥಾಯ್ ಜನರ ಚಳಿಗಾಲದ ಊಟ. ಬೇವನ್ನು ಬೆಲ್ಲದ ಜೊತೆ ತಿನ್ನುವವರು ಲೋಕದಲ್ಲಿ ನಾವು ಮಾತ್ರ ಎಂದು ನಂಬಿಕೊಂಡು ಮಂಡ್ಯದಿಂದ ಬಂದಿದ್ದ ನಾನು ಸಂತೆಯ ನಡುವೆ ಸುಮ್ಮನೆ ನಿಂತುಬಿಟ್ಟೆ. ಹಿಂದಿನಿಂದ ಸ್ಕೂಟರಿನವನು ಹಾರ್ನ್ ಹೊಡೆದ.

ಬ್ಯಾಂಕಾಕಿನಿಂದ ನೈಋತ್ಯಕ್ಕೆ ಸುಮಾರು 120 ಕಿಲೋಮೀಟರ್ ದೂರದ ಈ ಊರಿನ ಹೆಸರಲ್ಲಿರುವ ‘ಪೆಚ್ಚ’ ಸಂಸ್ಕೃತದ ವಜ್ರ, ‘ಬುರಿ’ ಪುರಿ. ಆದರೆ ಊರು ಹೆಸರಾಗಿರುವುದು ವಜ್ರಕ್ಕಲ್ಲ, ಅಡುಗೆಗೆ. ಇದನ್ನು ಮೂರು ರುಚಿಯ ಊರು ಅನ್ನುತ್ತಾರೆ: ಕಡಲ ಕಡೆಯಿಂದ ಉಪ್ಪು, ತೋಟದಿಂದ ನಿಂಬೆ, ತಾಳೆಮರದಿಂದ ಬೆಲ್ಲ. 2021ರಲ್ಲಿ ಯುನೆಸ್ಕೋ ತನ್ನ ಆಹಾರದ ನಗರಗಳ ಪಟ್ಟಿಗೂ ಸೇರಿಸಿತು. ಮೂರರಲ್ಲಿ ಕಹಿಯೊಂದಿಲ್ಲ. ಬೇವನ್ನು ಅಷ್ಟು ಪ್ರೀತಿಯಿಂದ ತಿಂದೂ ಲೆಕ್ಕಕ್ಕೆ ಹಿಡಿಯದೇ ಹೋದರಲ್ಲ ಅಂತ ನನಗೆ ಇವತ್ತಿಗೂ ಬೇಜಾರು.

ಇಲ್ಲಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ನಾನು ಥಾಯ್ ಮಕ್ಕಳಿಗೆ ಇಂಗ್ಲಿಷ್ ಮೇಷ್ಟ್ರು ಅಂದರೆ ನಮ್ಮೂರಲ್ಲಿ ಇನ್ನೂ ನಗುತ್ತಾರೆ. ಒಂದು ಲಾಭವಂತೂ ಇದೆ: ಇಂಗ್ಲಿಷನ್ನು ಹೇಗೆ ತಪ್ಪಾಗಿ ಆಡಬಹುದು ಅಂತ ನನಗೆ ಒಳಗಿನಿಂದ ಗೊತ್ತು. ನಾವು ಕನ್ನಡಿಗರು ಯಾವ ಶಬ್ದವನ್ನೂ ಬರಿಗಾಲಲ್ಲಿ ಬಿಡುವುದಿಲ್ಲ. ಬಸ್ಸು, ಕಾರು, ಸ್ಕೂಲು, ಎಲ್ಲಕ್ಕೂ ಒಂದು ‘ಉ’ ತೊಡಿಸಿಯೇ ಕಳಿಸುತ್ತೇವೆ. ಥಾಯ್ ಮಕ್ಕಳು ಇದರ ತಿರುಗುಮುರುಗು. ಶಬ್ದದ ಬಾಲ ಕತ್ತರಿಸುತ್ತಾರೆ, ಇಲ್ಲವೇ ಬೇರೆ ಬಾಲ ಅಂಟಿಸುತ್ತಾರೆ. ಅವರ ಭಾಷೆಯಲ್ಲಿ ಪದದ ಕೊನೆಗೆ ‘ಲ್’ ನಿಲ್ಲುವುದಿಲ್ಲ, ‘ನ್’ ಆಗುತ್ತದೆ. ಫುಟ್‌ಬಾಲ್ ಫುಟ್‌ಬಾನ್, ಬಿಲ್ ಬಿನ್. ಹೋಟೆಲಿನಲ್ಲಿ ‘ಚೆಕ್ ಬಿನ್’ ಅಂದರೆ ದುಡ್ಡು ಕೊಡುವ ಹೊತ್ತಾಯಿತು ಅಂತ. ಒಂದು ತರಗತಿಯಲ್ಲಿ ನಲವತ್ತು ಮಕ್ಕಳು ಒಟ್ಟಿಗೆ ‘ಸಕೂನ್’ ಎಂದಾಗ ನನ್ನ ಬಾಯಿಂದ ‘ಸ್ಕೂಲು’ ಬಂದು, ನಡುವೆ ಇಂಗ್ಲಿಷೊಂದು ಅನಾಥವಾಗಿ ನಿಂತಿರುತ್ತದೆ.

ಕೆಲಸ ಕೊಡಿಸಿದ ಏಜೆನ್ಸಿಯ ಒಪ್ಪಂದ ಹತ್ತು ತಿಂಗಳದ್ದು. ಮಾರ್ಚಿನಲ್ಲಿ ಪರೀಕ್ಷೆ ಮುಗಿದರೆ ಮೇ ಮಧ್ಯದಲ್ಲಿ ಶಾಲೆ ತೆರೆಯುವವರೆಗೆ ಸಂಬಳವಿಲ್ಲ. ಅದೇ ಕೆಲಸಕ್ಕೆ ಬಿಳಿಯ ಮೇಷ್ಟ್ರಿಗೆ ನನಗಿಂತ ಹೆಚ್ಚು ಸಂಬಳ ಅಂತ ತಿಳಿದಿದ್ದು ಆಮೇಲೆ. ಜಗಳ ಆಡಿದೆ, ಸೋತೆ, ಹೆಚ್ಚು ಹೇಳುವುದೇನಿಲ್ಲ. ಆದ್ದರಿಂದ 2024ರ ಯುಗಾದಿಗೆ ಊರಿಗೆ ಹೋಗುವ ಮಾತೇ ಇರಲಿಲ್ಲ. ಸೊಂಗ್‌ಕ್ರಾನ್ ಅನ್ನುವ ಥಾಯ್ ಹೊಸ ವರ್ಷ ಹತ್ತಿರ ಬಂದಾಗ ವಿಮಾನದ ಟಿಕೆಟ್ಟು ಮುಟ್ಟುವ ಹಾಗಿರುವುದಿಲ್ಲ. ನಾನಿದ್ದ ಬಾಡಿಗೆ ಮನೆಯ ಜಗಲಿಯಲ್ಲಿ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳುತ್ತ ಏಪ್ರಿಲ್ ಕಳೆಯುವುದು ಅಂತಾಯಿತು.

ಆ ವರ್ಷ ಯುಗಾದಿ ಏಪ್ರಿಲ್ 9, ಮಂಗಳವಾರ. ಕ್ರೋಧಿ ಸಂವತ್ಸರ. ಹಿಂದಿನ ದಿನ ಅಮಾವಾಸ್ಯೆ, ಸೂರ್ಯಗ್ರಹಣ ಬೇರೆ. ಅದು ಅಮೆರಿಕದವರ ಪಾಲಿಗೆ. ಆದರೂ ಅವ್ವ ಫೋನು ಮಾಡಿ “ಗ್ರಾಣ ಬಿಡೋವರ್ಗೂ ಏನೂ ತಿನ್ಬ್ಯಾಡ ಕಣೋ” ಅಂದಳು. ಗ್ರಹಣ ಹಿಡಿಯುವ ಹೊತ್ತಿಗೆ ನಾನು ಮಲಗಿರುತ್ತೇನೆ ಅಂತ ವಿವರಿಸಲು ಹೋಗಿ ಬಿಟ್ಟೆ. ಅವಳ ಎರಡನೇ ಪ್ರಶ್ನೆ, “ಬೇವು ಸಿಕ್ತಾ?”

ಜನವರಿಯಲ್ಲಿ ಗುಡ್ಡೆ ಬಿದ್ದಿದ್ದ ಬೇವಿನ ಹೂ ಏಪ್ರಿಲ್ಲಿಗೆ ಮಾಯ. ಸಂತೆಯ ಮೂಲೆ ಮೂಲೆ ಹುಡುಕಿದೆ. ‘ಸದಾವ್’ ಅಂದರೆ ಬೇವು. ಆ ಪದವನ್ನು ನಾನು ಯಾವ ಸ್ವರದಲ್ಲಿ ಹೇಳಿದೆನೋ, ಒಬ್ಬಾಕೆ ನಗುತ್ತ ಕೈಯಾಡಿಸಿ ಮುಗಿಯಿತು ಅಂದಳು. ಸೊಪ್ಪೇನೋ ಬೇಕಾದಷ್ಟು ಸಿಗುತ್ತಿತ್ತು. ಫೋನಿನಲ್ಲಿ ಅವ್ವನ ತೀರ್ಪು ಬಂತು: “ಹೂವಿಲ್ದೆ ಬರೀ ಸೊಪ್ಪು ದನೀನ್ ಮುಂದೆ ಹಾಕೋದು, ದೇವ್ರ ಮುಂದಲ್ಲ.”

ಸಂಜೆ ಮನೆಯೊಡತಿಯ ಹತ್ತಿರ ಹೇಳಿಕೊಂಡೆ. ಅವರನ್ನು ಎಲ್ಲರೂ ಕರೆಯುವ ಹಾಗೆ ನಾನೂ ‘ಪಾ’ ಅನ್ನುತ್ತೇನೆ, ಅಂದರೆ ದೊಡ್ಡಮ್ಮ. ಎಪ್ಪತ್ತು ದಾಟಿದವರು, ಮೂವತ್ತು ವರ್ಷ ಸಿಹಿತಿಂಡಿ ಮಾಡಿ ಮಾರಿದವರು. ಅವರು ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಒಳಗೆ ಕಾಗದದಲ್ಲಿ ಸುತ್ತಿದ ಒಣಗಿದ ಬೇವಿನ ಹೂ. ಚಳಿಗಾಲದಲ್ಲಿ ಬಿಸಿನೀರಿಗೆ ಹಾಕಿ ತೆಗೆದು, ಬಿಸಿಲಿಗೆ ಒಣಗಿಸಿ, ವರ್ಷವಿಡೀ ಇಟ್ಟುಕೊಳ್ಳುತ್ತಾರಂತೆ. ನಮ್ಮಲ್ಲಿ ಸಂಡಿಗೆ ಇಡುವ ಹಾಗೆ. “ಮೀನು ಎಲ್ಲಿ?” ಅಂತ ಕೇಳಿದರು. ನಾಳೆ ಮೀನಿಲ್ಲ, ಹಬ್ಬ ಅಂದೆ. ಹಬ್ಬದ ದಿನ ಮೀನಿಲ್ಲದ ಊರು ಎಂಥದ್ದಪ್ಪ ಅನ್ನುವ ಹಾಗೆ ನೋಡಿದರು.

ಎಣ್ಣೆಸ್ನಾನಕ್ಕೆ ಹರಳೆಣ್ಣೆ ಸಿಗಲಿಲ್ಲ, ಕೊಬ್ಬರಿ ಎಣ್ಣೆ ಬಳಿದುಕೊಂಡೆ. ಸೀಗೆಪುಡಿಯಿಲ್ಲ, ಶಾಂಪೂವೇ ಗತಿ. ನೀರು ಕಾಯಿಸುವ ತಾಪತ್ರಯ ಮಾತ್ರ ಇರಲಿಲ್ಲ; ಏಪ್ರಿಲ್ಲಿನ ಥಾಯ್ಲೆಂಡಿನಲ್ಲಿ ಸಿಂಟೆಕ್ಸ್ ತೊಟ್ಟಿಯೇ ಹಂಡೆ. ಹಿತ್ತಲ ಮಾವಿನ ಮರದಿಂದ ಎಲೆ ಕಿತ್ತು ಬಾಗಿಲಿಗೆ ತೋರಣ ಕಟ್ಟಿದೆ. ಪಾ ಬಂದು ನೋಡಿ, ಬಾಗಿಲಿಗೆ ಎಲೆ ಕಟ್ಟಿದರೆ ಇರುವೆ ಇಳಿಯುತ್ತದೆ ಅಂದರು. ಇಳಿದವು ಕೂಡ.

ಒಬ್ಬಟ್ಟಿನ ಕಥೆ ಸ್ವಲ್ಪ ದೊಡ್ಡದು. ತೊಗರಿಬೇಳೆಗೆ ಮೊದಲೇ ಬ್ಯಾಂಕಾಕಿನ ಪಾಹುರಾತ್‌ಗೆ ಹೋಗಿಬಂದಿದ್ದೆ. ಸಿಖ್ಖರ ಬಟ್ಟೆ ಅಂಗಡಿಗಳ ಸಂದಿಯಲ್ಲಿ ಬೇಳೆ, ಸಾಸಿವೆ, ಇಂಗು ಎಲ್ಲ ಸಿಗುತ್ತದೆ. ಬೆಲ್ಲವನ್ನೂ ಅಲ್ಲೇ ತರಬಹುದಿತ್ತು. ಆದರೆ ಆಲೆಮನೆಯ ಪಕ್ಕದಲ್ಲಿ ಬೆಳೆದವನಿಗೆ ಪ್ಲಾಸ್ಟಿಕ್ ಪ್ಯಾಕೆಟ್ಟಿನ ಬೆಲ್ಲ ಮುಟ್ಟಲು ಮನಸ್ಸಾಗಲಿಲ್ಲ. ಅದೂ ತಾಳೆಬೆಲ್ಲದ ಊರಲ್ಲಿ. ಇವರ ಸಕ್ಕರೆಗೆ ‘ನಾಮ್ ತಾನ್’ ಅನ್ನುತ್ತಾರೆ. ನಾಮ್ ಅಂದರೆ ನೀರು, ತಾನ್ ಅಂದರೆ ತಾಳೆ. ಕಬ್ಬಿನ ಸಕ್ಕರೆಗೂ ತಾಳೆನೀರು ಅಂತಲೇ ಹೆಸರು. ದುಂಡಗೆ ಬಿಲ್ಲೆ ಮಾಡಿದ ಬೆಲ್ಲ, ನಮ್ಮ ಅಚ್ಚುಬೆಲ್ಲದ ದಾಯಾದಿ. ಮೂಸಿದರೆ ಹೊಗೆಯ ವಾಸನೆ. ಆ ಹೊಗೆಗೇ ನಾನು ಮರುಳಾದದ್ದು.

ತಪ್ಪಾಯಿತು. ತಾಳೆಬೆಲ್ಲದಲ್ಲಿ ನೀರಿನಂಶ ಹೆಚ್ಚು. ಬೆಂದ ಬೇಳೆಗೆ ಹಾಕಿ ತಿರುವುತ್ತಿದ್ದ ಹಾಗೆ ಊರ್ಣ ಗಟ್ಟಿಯಾಗುವುದಿರಲಿ, ಪಾಯಸವಾಗಿ ಕುಣಿಯತೊಡಗಿತು. ಕಣಕದೊಳಗೆ ತುಂಬಿ ತಟ್ಟಿದರೆ ಎಲ್ಲ ಕಡೆಯಿಂದ ಒಸರಿ ಕಾವಲಿಯ ಮೇಲೆ ಸೀದುಹೋಯಿತು. ಮೂರು ಒಬ್ಬಟ್ಟು ಹೀಗೆ ಹೋದ ಮೇಲೆ ಪಾ ನನ್ನನ್ನು ಪಕ್ಕಕ್ಕೆ ಸರಿಸಿದರು. ಊರ್ಣವನ್ನು ಮತ್ತೆ ಸಣ್ಣ ಉರಿಯಲ್ಲಿಟ್ಟು, ಹತ್ತಿರ ನಲವತ್ತು ನಿಮಿಷ, ಒಂದೇ ಸಮನೆ ಮಗುಚಿದರು. ಉಂಡೆ ಕೈಗೆ ಅಂಟದ ಹದಕ್ಕೆ ಬಂದಾಗ ನನಗೆ ತೋರಿಸಿದ ರೀತಿ ಥೇಟ್ ನಮ್ಮಜ್ಜಿಯದು: ಬೆರಳಲ್ಲಿ ತೆಗೆದು ಅಂಗೈ ಮೇಲೆ ಉರುಳಿಸಿ, ಮಾತಾಡದೆ ಮುಖ ನೋಡುವುದು. ಅವರ ಊರಿನ ಪ್ರಸಿದ್ಧ ಸಿಹಿ ಖನೋಮ್ ಮೋ ಕೇಂಗ್. ಮೊಟ್ಟೆ, ತೆಂಗಿನಹಾಲು, ತಾಳೆಬೆಲ್ಲ ಸೇರಿಸಿ ಬೇಯಿಸಿ, ಮೇಲೆ ಹುರಿದ ಈರುಳ್ಳಿ ಉದುರಿಸುತ್ತಾರೆ. ಒಬ್ಬಟ್ಟಿನ ಮೇಲೂ ಉದುರಿಸಲು ಕೈ ಎತ್ತಿದರು. ಅದಕ್ಕೆ ಮಾತ್ರ ನಾನು ಬಿಡಲಿಲ್ಲ.

ಬೇವು ಬೆಲ್ಲ ಕೊಡುವಾಗ ಪಾ ಹೂವನ್ನು ಬಾಯಿಗೆ ಹಾಕಿಕೊಂಡು, ಇದು ನಿನಗೂ ತಿನ್ನೋಕೆ ಬರುತ್ತದಾ ಅಂತ ನನ್ನನ್ನೇ ಕೇಳಿದರು. ಆಮೇಲೆ ಒಂದು ಗಾದೆ ಹೇಳಿದರು: ‘ವಾನ್ ಪೆನ್ ಲೊಮ್, ಖೊಮ್ ಪೆನ್ ಯಾ’. ಸಿಹಿ ತಲೆ ತಿರುಗಿಸುತ್ತದೆ, ಕಹಿ ಮದ್ದು. ನಾವು ಸುಖ ದುಃಖ ಸಮನಾಗಿರಲಿ ಅಂತ ಎರಡನ್ನೂ ಒಟ್ಟಿಗೆ ತಿನ್ನುತ್ತೇವೆ ಎಂದೆ, ನನಗೆ ಬರುವ ಮುರುಕು ಥಾಯ್‌ನಲ್ಲಿ. ಅವರು ತಲೆಯಾಡಿಸಿದರು, ಒಪ್ಪಿದರೋ, ಪಾಪ ಅಂದುಕೊಂಡರೋ. ಇಲ್ಲಿಗೆ ಬರುವ ನಮ್ಮ ಪ್ರವಾಸಿಗಳು ಸಂಸ್ಕೃತದ ಪದ ಕಿವಿಗೆ ಬಿದ್ದ ಕೂಡಲೇ ‘ಎಲ್ಲಾ ನಮ್ಮಿಂದಲೇ ಹೋದದ್ದು’ ಅಂತ ಎದೆಯುಬ್ಬಿಸುವುದನ್ನು ಕಂಡಿದ್ದೇನೆ. ಪಾ ಅವರಿಗೆ ಬೇವು ಯಾರಿಂದಲೂ ಬಂದದ್ದಲ್ಲ. ಅದು ಹಿತ್ತಲ ಮರ, ಚಳಿಗಾಲದ ಪಲ್ಯ.

ಮಧ್ಯಾಹ್ನ ಟ್ಯೂಷನ್ ಮಕ್ಕಳಿಗೆ ಒಬ್ಬಟ್ಟು ಕೊಟ್ಟು, ‘ನನ್ನ ಹೊಸ ವರ್ಷ’ ಅಂತ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯಲು ಹೇಳಿದೆ. ಯಾವ ಹೊಸ ವರ್ಷ ಅಂತ ಒಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಅವರಿಗೆ ಜನವರಿ 1 ಇದೆ, ಚೀನೀ ಮನೆತನದವರಿಗೆ ಇನ್ನೊಂದು, ಏಪ್ರಿಲ್ 13ಕ್ಕೆ ಸೊಂಗ್‌ಕ್ರಾನ್. ನಡುವೆ ಐವತ್ತು ವರ್ಷ ಏಪ್ರಿಲ್ 1ಕ್ಕೂ ಇತ್ತು; 1941ರಲ್ಲಿ ಸರ್ಕಾರ ಅದನ್ನು ಜನವರಿಗೆ ತಂದಿತು. ಈಗ ಮೇಷ್ಟ್ರದೊಂದು ಬೇರೆ. ಯುಗಾದಿ ಅನ್ನಲು ಅವರಿಗೆ ಬರಲಿಲ್ಲ, ಥಾಯ್‌ನಲ್ಲಿ ‘ಗ’ ಇಲ್ಲ. ‘ಯುಕಾದಿ’ ಅಂದರು. ಅಷ್ಟರಲ್ಲಿ ಒಬ್ಬ ಹುಡುಗ “ಟೀಚರ್, ಯುಕ್?” ಅಂದ. ಕಾಲಮಾನಕ್ಕೆ ಅವರ ಭಾಷೆಯಲ್ಲೂ ‘ಯುಕ್’ ಅನ್ನುತ್ತಾರೆ, ಅದೇ ಯುಗ. ನಮ್ಮವ್ವ ಮೊದಲಕ್ಷರ ನುಂಗಿ ಉಗಾದಿ ಅನ್ನುತ್ತಾಳೆ, ಇವರು ನಡುವಿನದನ್ನು ಬದಲಿಸಿ ಯುಕಾದಿ ಅನ್ನುತ್ತಾರೆ. ಅವತ್ತು ನಾನು ಯಾರನ್ನೂ ತಿದ್ದಲಿಲ್ಲ.

ಮಾರನೇ ದಿನ ಹೊಸತೊಡಕು. ಮಂಡ್ಯ ಕಡೆಯವರಿಗೆ ನಿಜವಾದ ಹಬ್ಬ ಇದೇ ಅಂತ ಬಿಡಿಸಿ ಹೇಳಬೇಕಿಲ್ಲ. ಊರಲ್ಲಿ ಗುಡ್ಡೆ ಮಾಂಸ, ಬೆಳಗಿನ ಜಾವಕ್ಕೇ ಸಾಲು. ಇವತ್ತು ಮೀನು ತಿನ್ನಬಹುದು ಅಂದದ್ದೇ ತಡ, ಪಾ ಎರಡು ಮೀಸೆಮೀನು ತಂದು ಹಿತ್ತಲಲ್ಲಿ ಕೆಂಡ ಮಾಡಿದರು. ಮಿಕ್ಕಿದ್ದ ಒಣ ಬೇವಿನ ಹೂವನ್ನು ನೆನೆಸಿ, ಸಿಹಿ ಮೀನುಗೊಜ್ಜು ಮಾಡಿ, ಮೇಲೆ ಹುರಿದ ಒಣಮೆಣಸಿನಕಾಯಿ ಹಾಕಿದರು. ಮೊದಲ ತುತ್ತಿಗೆ ನನ್ನ ನಾಲಿಗೆ ಹಬ್ಬದ ದಿನ ತಪ್ಪು ಮಾಡಿದವನ ಹಾಗೆ ಹೆದರಿತು. ಮೂರನೇ ತುತ್ತಿಗೆ ಇನ್ನಷ್ಟು ಅನ್ನ ಬಡಿಸಿಕೊಂಡೆ. ಸುಟ್ಟ ಮೀನಿನ ಕೊಬ್ಬು ಕಹಿಯನ್ನು ಹಿಡಿದುಕೊಳ್ಳುತ್ತದೆ, ಬೆಲ್ಲ ಅದನ್ನು ಮೆಲ್ಲಗೆ ಇಳಿಸುತ್ತದೆ. ನಮ್ಮ ಬೇವು ಬೆಲ್ಲ ಒಂದು ಚಿಟಿಕೆಗೆ ಮುಗಿಯುತ್ತದೆ. ಇವರದು ಹೊಟ್ಟೆ ತುಂಬ ಊಟ.

ಹೊಸತೊಡಕೆಂದರೆ ಇಸ್ಪೀಟೂ ಆಗಬೇಕು. ನಮ್ಮೂರ ಅರಳಿಕಟ್ಟೆಯಲ್ಲಿ ಆವತ್ತು ಪೊಲೀಸರೂ ಕಣ್ಣು ಮುಚ್ಚುತ್ತಾರೆ. ಇಲ್ಲಿ ಜೂಜು ಅಪರಾಧ. ಅಷ್ಟೇ ಅಲ್ಲ, ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ 120ಕ್ಕಿಂತ ಹೆಚ್ಚು ಎಲೆ ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ಎರಡು ಕಟ್ಟು ಅಂದರೆ 104, ಬಚಾವ್. ಕಾಸಿನ ಬದಲು ಹುಣಸೆಬೀಜ ಇಟ್ಟು ಮೂರೆಲೆ ಆಡಿದೆವು. ಪಾ ನನ್ನ ಬೀಜವನ್ನೆಲ್ಲ ಗೆದ್ದು, ಒಂದೊಂದಾಗಿ ಎಣಿಸಿ, ಅದೇ ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಂಡರು.

ಮೂರು ದಿನಕ್ಕೆ ಸೊಂಗ್‌ಕ್ರಾನ್. ಸಂಕ್ರಾಂತಿಯೇ ಅದು, ಸೂರ್ಯ ಮೇಷಕ್ಕೆ ಬರುವ ದಿನ. ಕರಾವಳಿಯವರು ಬಿಸು ಮಾಡುವ ಹೊತ್ತು. ಹಿಂದಿನ ಡಿಸೆಂಬರಿನಲ್ಲಷ್ಟೇ ಯುನೆಸ್ಕೋ ಮನ್ನಣೆ ಸಿಕ್ಕಿತ್ತು, ಹಾಗಾಗಿ ಆ ವರ್ಷ ಸಡಗರ ಇನ್ನೂ ಜೋರು. ಬೀದಿಯಲ್ಲಿ ಪಿಕಪ್ ಗಾಡಿಗಳ ಮೇಲೆ ಡ್ರಮ್ಮು ಡ್ರಮ್ಮು ನೀರು, ಪಿಚಕಾರಿ, ಮುಖಕ್ಕೆಲ್ಲ ಬಿಳಿ ಸುಣ್ಣದ ಮಣ್ಣು. ವಿಡಿಯೋ ಕಾಲಿನಲ್ಲಿ ಅವ್ವನಿಗೆ ತೋರಿಸಿದೆ. ಆ ಬೇಸಿಗೆ ನಮ್ಮಲ್ಲಿ ಬರ. ಹಿಂದಿನ ಮಳೆಗಾಲ ಕೈಕೊಟ್ಟು ಕನ್ನಂಬಾಡಿ ತಳ ಕಂಡಿತ್ತು, ನಾಲೆಯಲ್ಲಿ ನೀರಿಲ್ಲದೆ ಅಪ್ಪ ಯುಗಾದಿಯ ಹೊನ್ನಾರನ್ನು ಒಣ ಹೊಲದಲ್ಲಿ ಎರಡು ಸಾಲು ಎಳೆದು ಶಾಸ್ತ್ರ ಮುಗಿಸಿದ್ದರು. ಅವ್ವ ಬಹಳ ಹೊತ್ತು ಏನೂ ಅನ್ನದೆ ನೀರನ್ನೇ ನೋಡಿದಳು.

ಒಳಗೆ ಪಾ ಕುರ್ಚಿಯಲ್ಲಿ ಕೂತಿದ್ದರು. ಹಿರಿಯರ ಅಂಗೈಗೆ ನೀರು ಸುರಿದು ಕ್ಷಮೆ ಕೇಳಿ ಆಶೀರ್ವಾದ ಪಡೆಯುವುದು ಆ ದಿನದ ಪದ್ಧತಿ. ಅವರ ಸೊಸೆ ಚಿಯಾಂಗ್‌ಮಾಯ್ ಕಡೆಯವಳು. ಬೆಳ್ಳಿ ಬಟ್ಟಲಿನ ನೀರಲ್ಲಿ ಮಲ್ಲಿಗೆಯ ಜೊತೆ ಏನೋ ಕಂದು ಕಾಯಿ ತೇಲಿಸಿದ್ದಳು. ತೆಗೆದು ನೋಡಿದೆ, ಮೂಸಿದೆ. ಸೀಗೆಕಾಯಿ! ಉತ್ತರದವರು ಇದಿಲ್ಲದೆ ಹಿರಿಯರಿಗೆ ನೀರೆರೆಯುವುದಿಲ್ಲವಂತೆ. ನಾಲ್ಕು ದಿನ ಮೊದಲು ಬರಬಾರದಿತ್ತೇ ಮಾರಾಯ್ತಿ, ನನ್ನ ತಲೆಯಲ್ಲಿ ಇನ್ನೂ ಕೊಬ್ಬರಿ ಎಣ್ಣೆಯ ಜಿಡ್ಡಿತ್ತು.

ಫೋನನ್ನು ಕಿಟಕಿಗೆ ಒರಗಿಸಿ, ಮಂಡಿಯೂರಿ, ಪಾ ಅವರ ಅಂಗೈ ಮೇಲೆ ನೀರು ಸುರಿದೆ. ಅವರು ನನ್ನ ತಲೆ ಮುಟ್ಟಿ ಥಾಯ್‌ನಲ್ಲಿ ಏನೇನೋ ಹರಸುತ್ತಿದ್ದರು. ಕಿಟಕಿಯಿಂದ ಅವ್ವನ ದನಿ ಬಂತು: “ಸಾಕು ಕಣೋ, ಕೈ ತೊಯ್ದವಲ್ಲ. ಮಿಕ್ಕಿದ್ದ ಗಿಡದ ಬುಡಕ್ಕೆ ಹಾಕು.”