1907 ಎಂದು ಬರೆದ ಮೇಷ್ಟ್ರು

ದುರ್ಗದ ನಮ್ಮ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಗ ಇತಿಹಾಸದ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ 1907 ಎಂದು ಬರೆದು, ‘ಆ ವರ್ಷ ಏನಾಯಿತು?’ ಎಂದು ಕೇಳಿದರು. ಹಿರಿಯೂರು ಕಡೆಯ ಹುಡುಗನೊಬ್ಬ, ‘ನಮ್ಮ ಮಾರಿಕಣಿವೆ ಅಣೆಕಟ್ಟು ಕಟ್ಟಿ ಮುಗಿಯಿತು ಸಾರ್’ ಎಂದ. ಮೇಷ್ಟ್ರಿಗೆ ಖುಷಿಯಾಯಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಪಿಕಾಸೊ ಐದು ಹೆಂಗಸರ ಚಿತ್ರ ಬರೆದ, ರೋಮಿನಲ್ಲಿ ಪೋಪ್ ಹತ್ತನೇ ಪಿಯುಸ್, ಧರ್ಮವನ್ನು ಹೊಸ ಕಾಲದ ವಿಚಾರಗಳ ಬೆಳಕಿನಲ್ಲಿ ನೋಡುವ ಆಧುನಿಕತಾವಾದವನ್ನು ಖಂಡಿಸಿ ಪತ್ರ ಹೊರಡಿಸಿದರು ಎಂದು ಸೇರಿಸಿದರು. ಮೂರಕ್ಕೂ ಏನು ಸಂಬಂಧ ಅಂತ ನಮಗೆ ಹೊಳೆಯಲಿಲ್ಲ. ಮೂರರ ಹಿಂದೆಯೂ ಇದ್ದದ್ದು ಆಧುನಿಕತೆ ಎಂದರೇನು ಎಂಬ ಪ್ರಶ್ನೆ. ನಾವು ಓದಿದ ಆ ವರ್ಷವೆಲ್ಲ ಅವರು ಪಠ್ಯದ ಜೊತೆಗೆ ಅದನ್ನೂ ಬಿಡಿಸಿ ಹೇಳುತ್ತಾ ಹೋದರು.

ಅಣೆಕಟ್ಟಿನ ವಿಚಾರ ಬೇಗ ಮುಗಿಯಿತು. ಅದು ಹೊಸ ಸಾಧನ, ಬೇಕಾದದ್ದೇ. ಆದರೆ ಕಟ್ಟೆ, ಕರೆಂಟು, ಬಸ್ಸು ಬಂದ ಮಾತ್ರಕ್ಕೆ ನೋಡುವ ಕಣ್ಣು ಹೊಸದಾಗುವುದಿಲ್ಲ ಎನ್ನುವುದು ಅವರ ವಾದ.

ಚಿತ್ರದ ಬಗ್ಗೆ ಮಾತ್ರ ದಿನಗಟ್ಟಲೆ ಮಾತಾಡಿದರು. 1839ರಲ್ಲಿ ಫೋಟೋ ತೆಗೆಯುವ ವಿಧಾನ ಜಗತ್ತಿಗೆ ಗೊತ್ತಾಯಿತು. ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಕೆಲಸ ಕ್ಯಾಮೆರಾ ಮಾಡತೊಡಗಿದ ಮೇಲೆ ಚಿತ್ರಗಾರನಿಗೆ ಉಳಿದದ್ದೇನು? ಪಿಕಾಸೊ ಎದುರಿನಿಂದ ಕಾಣುವುದನ್ನೂ ಪಕ್ಕದಿಂದ ಕಾಣುವುದನ್ನೂ ಒಂದೇ ಮುಖದಲ್ಲಿ ಇಟ್ಟ. ಅವನ ಸ್ನೇಹಿತರಿಗೇ ಅದು ಹಿಡಿಸಲಿಲ್ಲ. ಆದರೆ ಆ ಮುಖಗಳಿಗೆ ದಾರಿ ತೋರಿಸಿದ್ದು ಸ್ಪೇನಿನ ಬಹಳ ಹಳೆಯ ಕಲ್ಲಿನ ಶಿಲ್ಪಗಳು ಮತ್ತು ಆಫ್ರಿಕಾದ ಮುಖವಾಡಗಳು. ಹೊಸಬನಾಗಲು ಹೊರಟವನು ಇಷ್ಟು ಹಿಂದಕ್ಕೆ ಹೋಗಿದ್ದ ಎಂದು ಕೇಳಿ ನನಗೆ ಆಶ್ಚರ್ಯವಾಗಿತ್ತು.

ಇನ್ನು ಧರ್ಮ. ಆಲ್ಫ್ರೆಡ್ ಲುವಾಜಿ ಫ್ರಾನ್ಸಿನ ಪಾದ್ರಿ. ಬೈಬಲ್ಲನ್ನು ಬೇರೆ ಹಳೆಯ ಗ್ರಂಥಗಳ ಹಾಗೆಯೇ ಓದಬೇಕು, ಯಾರು ಬರೆದರು, ಯಾವಾಗ ಬರೆದರು ಎಂದು ಕೇಳಬೇಕು ಎಂದರು. ಅವರು ಚರ್ಚಿಗೆ ವೈರಿಯಾಗಲು ಹೊರಟವರಲ್ಲ. 1902ರ ಅವರ ಪುಸ್ತಕ ಚರ್ಚಿನ ಪರವಾಗಿ ಜರ್ಮನಿಯ ಪಂಡಿತರೊಬ್ಬರಿಗೆ ಕೊಟ್ಟ ಉತ್ತರವೇ ಆಗಿತ್ತು. ಆದರೂ 1908ರಲ್ಲಿ ಅವರನ್ನು ಬಹಿಷ್ಕರಿಸಿದರು. 1910ರಿಂದ ಪಾದ್ರಿಗಳು ಆಧುನಿಕತಾವಾದದ ವಿರುದ್ಧ ಪ್ರಮಾಣ ಮಾಡಬೇಕಾಯಿತು. ಅದು ನಿಂತದ್ದು 1967ರಲ್ಲಿ.

‘ಹೀಗೆಲ್ಲ ಕೇಳುತ್ತಾ ಹೋದರೆ ನಂಬಿಕೆ ಉಳಿಯುತ್ತಾ ಸಾರ್?’ ಎಂದು ನಮ್ಮಲ್ಲೊಬ್ಬಳು ಎದ್ದು ನಿಂತು ಕೇಳಿದಳು. ದುರ್ಗದಲ್ಲಿ ಬೆಳೆದವರಿಗೆ ಮಠ, ವಚನ ಎರಡೂ ಮನೆಯ ಮಾತು. ಆ ಪ್ರಶ್ನೆ ನಮ್ಮೆಲ್ಲರದೂ ಆಗಿತ್ತು. ಮೇಷ್ಟ್ರು ಫ.ಗು. ಹಳಕಟ್ಟಿಯವರ ಕಥೆ ಹೇಳಿದರು. ವಿಜಯಪುರದ ವಕೀಲರು. ಊರೂರಿನ ತಾಳೆಗರಿ ಕಟ್ಟುಗಳನ್ನು ಹುಡುಕಿ, ಪಾಠಗಳನ್ನು ಹೋಲಿಸಿ, 1923ರಲ್ಲಿ ವಚನಗಳ ದೊಡ್ಡ ಸಂಗ್ರಹ ಪ್ರಕಟಿಸಿದರು. 1925ರಲ್ಲಿ ತಾವೇ ಒಂದು ಮುದ್ರಣಾಲಯ ಹಾಕಿದರು. ಪೂಜೆಯ ಕಟ್ಟಿನೊಳಗಿದ್ದ ಎಷ್ಟೋ ಮಾತುಗಳು ಆಗ ಓದುವವರ ಕೈಗೆ ಬಂದವು. ‘ನಂಬಿಕೆ ಕಡಿಮೆಯಾಯಿತಾ, ಜಾಸ್ತಿಯಾಯಿತಾ?’ ಎಂದು ಮೇಷ್ಟ್ರು ಅವಳನ್ನೇ ತಿರುಗಿ ಕೇಳಿದರು. ಆಧುನಿಕತೆ ಎಂದರೆ ದೇವರನ್ನು ಬಿಡುವುದು ಎಂದು ಈಗಲೂ ಯಾರಾದರೂ ಹೇಳಿದರೆ ನಾನು ಹಳಕಟ್ಟಿಯವರ ಹೆಸರು ಹೇಳುತ್ತೇನೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ನಮ್ಮನ್ನು ಕರೆದುಕೊಂಡು ಹೋದವರೂ ಅವರೇ. ಅಲ್ಲಿನ ಅಶೋಕನ ಶಾಸನದ ಬಂಡೆಗೆ ಊರವರು ‘ಅಕ್ಷರಗುಂಡು’ ಎನ್ನುತ್ತಿದ್ದರು, ಅದಕ್ಕೆ ಕಾಯಿಲೆ ವಾಸಿಮಾಡುವ ಗುಣವಿದೆ ಎಂದು ನಂಬಿದ್ದರು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಗುರುತಿಸಿದ ಮೇಲೆ ಅಶೋಕನ ಮಾತು ಹೊರಬಂತು. ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಅದರಲ್ಲಿದೆ. ಊರವರ ನಂಬಿಕೆಯನ್ನು ಮೇಷ್ಟ್ರು ಹೀಗಳೆಯಲಿಲ್ಲ. ಓದಲು ಬಾರದ ಅಕ್ಷರವನ್ನೂ ಅವರು ಬೆಲೆಯುಳ್ಳದ್ದೆಂದು ತಿಳಿದಿದ್ದರಲ್ಲ, ಅದು ಸಣ್ಣದಲ್ಲ ಎಂದರು. ಆ ಮಾತಿಗಾಗಿಯೇ ಅವರ ಮೇಲಿನ ನನ್ನ ಗೌರವ ಇಮ್ಮಡಿಯಾಯಿತು.

ಈಗ ಓದುತ್ತಿರುವವರು ಅಲ್ಲಿಗೆ ಹೋಗಿಬನ್ನಿ. ಸುಮ್ನೆ ಫೋಟೋ ತೆಗೆದುಕೊಂಡು ಬರಬೇಡಿ, ಶಾಸನದ ಲಿಪಿಯಾದ ಬ್ರಾಹ್ಮಿಯ ನಾಲ್ಕು ಅಕ್ಷರ ಕಲಿತು ಹೋಗಿ. ಶಾಸನದ ಕೊನೆಯಲ್ಲಿ ಚಪಡ ಎಂಬ ಬರಹಗಾರನ ಹೆಸರಿದೆ. ತಾನು ಲಿಪಿಕಾರ ಎನ್ನುವುದನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ಅಶೋಕನ ರಾಜ್ಯದ ವಾಯವ್ಯ ಗಡಿಯ ಲಿಪಿ. ನಮ್ಮ ಜಿಲ್ಲೆಯ ಬಂಡೆಯ ಮೇಲೆ ಅದು ಹೇಗೆ ಬಂತು ಎಂದು ನಿಮ್ಮ ಮೇಷ್ಟ್ರನ್ನು ಕೇಳಿ.